ಚಂದ್ರಿ ಹೇಳಿದ ಸಾಕ್ಷಿ

ಮಾಂಗೋರ್ ಹಿಲ್, ವಾಸ್ಕೋ
16 ಜೂನ್ 2024

ಭಾಗವ್ವನಿಗೆ,

ಇನ್ನು ಮುಂದೆ ಫೋನು ಮಾಡಬೇಡ. ಸಿಟ್ಟಿನಿಂದ ಹೇಳುತ್ತಿಲ್ಲ, ನಾಚಿಕೆಯಿಂದ ಹೇಳುತ್ತಿದ್ದೇನೆ. ನೀನು ಅತ್ತಲಿಂದ ಮಾತಾಡಿದ್ದು ನನ್ನ ಕಿವಿಯಲ್ಲಿ ಬರೀ ಗುಂಯ್ ಎನ್ನುತ್ತದೆ. ಅದಕ್ಕೆ ನನ್ನ ಖೋಲಿಯ ಜೊತೆಗಾರ ಭೀಮಶಿ ಫೋನು ತಾನು ಹಿಡಿದುಕೊಂಡು, ನೀನು ಹೇಳಿದ್ದನ್ನೆಲ್ಲ ನನ್ನ ಮುಖದ ಮುಂದೆ ಕೂಗಿ ಹೇಳುತ್ತಾನೆ. ಮೊನ್ನೆ ನೀನು ಕೊನೆಗೆ ಏನೋ ಮೆಲ್ಲಗೆ ಅಂದಿರಬೇಕು. ಅವನು ಒಮ್ಮೆ ಕೆಮ್ಮಿ, "ಅಕ್ಕ ಏನೋ ಅಂದಳು ಮಾಮಾ, ನನಗ ಹೇಳಾಕ ನಾಚಿಕಿ ಬರ್ತೈತಿ" ಎಂದ. ಪಕ್ಕದ ಖೋಲಿಯವರೆಲ್ಲ ನಕ್ಕರು. ಗಂಡ ಹೆಂಡಿರ ಮಾತನ್ನು ಇನ್ನೊಬ್ಬನ ಬಾಯಿಂದ ಕೇಳುವ ಕರ್ಮ ಯಾರಿಗೆ ಬೇಕು ಹೇಳು. ಅಂದದ್ದು ಏನೆಂದು ಬರೆದು ತಿಳಿಸು.

ನಿನಗೆ ಗೊತ್ತಿದ್ದದ್ದೇ, ಮಳೆಗಾಲವೆಂದರೆ ಇಲ್ಲಿ ಅದಿರು ಹೊರುವ ಬಾರ್ಜುಗಳನ್ನು ದಡಕ್ಕೆ ಎಳೆದು ರಿಪೇರಿ ಮಾಡುವ ಕಾಲ. ಬಾರ್ಜಿನ ಹೊಟ್ಟೆಯೊಳಗೆ ಇಳಿದು ಸುತ್ತಿಗೆಯಿಂದ ತುಕ್ಕು ಕೆಡವುತ್ತೇವೆ. ಒಳಗೆ ಎಂಟು ಹತ್ತು ಜನ ಒಟ್ಟಿಗೆ ಬಡಿಯುವಾಗ ದೇವರು ಬಂದು ಕರೆದರೂ ಕೇಳಿಸದು. ನನ್ನ ಕಿವಿ ಹೋದದ್ದು ಅಲ್ಲೇ. ಹೋದದ್ದು ಹೋಯಿತು, ಕಣ್ಣು ಚಲೋ ಇದೆ, ಓದಬಲ್ಲೆ.

ನೀನು ಊರಿಗೆ ಹೋದ ಮೇಲೆ ಇದು ಎರಡನೆಯ ಮಳೆಗಾಲ. ನೀನಿದ್ದಾಗ ಸೋರುತ್ತಿದ್ದ ಮೂಲೆ ಈಗಲೂ ಸೋರುತ್ತದೆ. ನೀನು ಇಟ್ಟಲ್ಲೇ ತಪೇಲಿ ಇಟ್ಟಿದ್ದೇನೆ. ಮೀನಾ ವಿಜಯಪುರದ ಹಾಸ್ಟೆಲಿನಿಂದ ಬಂದರೆ, ಅಪ್ಪ ಕೇಳಿದ ಎಂದು ಹೇಳು.

ಕಿವಿ ಕೆಟ್ಟ, ಬುದ್ಧಿ ಕೆಡದ
ಪರಮಣ್ಣ


ಕರೇಕಟ್ಟಿ, ವಿಜಯಪುರ ಜಿಲ್ಲೆ
30 ಜೂನ್ 2024

ಮೀನಾನ ಅಪ್ಪಾರಿಗೆ ನಮಸ್ಕಾರ.

ಪತ್ರ ತಲುಪಿತು. ಫೋನಿನಲ್ಲಿ ಅಂದ ಮಾತು ಕಾಗದಕ್ಕೆ ಹಾಕುವಂಥದ್ದಲ್ಲ. ಬಂದರೆ ಹೇಳುತ್ತೇನೆ.

ಈಗ ಮುಖ್ಯ ವಿಷಯ. ನಮ್ಮ ಹಾಲಿನ ಸಂಘದ ಪರೀಕ್ಷೆ ಬಂದಿದೆ. ನಾನು ಇಲ್ಲಿಗೆ ಬಂದದ್ದೇ ಈ ಸಂಘಕ್ಕಾಗಿ ಅಲ್ಲವೇ. ದೊಡ್ಡ ಒಕ್ಕೂಟದವರು ಸಂಘವನ್ನು ತಮ್ಮೊಳಗೆ ಸೇರಿಸಿಕೊಳ್ಳುವ ಮೊದಲು ಎರಡು ವರ್ಷ ನೆರವು ಕೊಟ್ಟು ನೋಡುತ್ತಾರೆ, ಹೊಸ ಸೊಸೆಯನ್ನು ಅಡಿಗೆಮನೆಗೆ ಬಿಟ್ಟು ನೋಡಿದ ಹಾಗೆ. ಎಮ್ಮೆ ಕೊಟ್ಟರು, ದನದ ಮನೆಗೆ ಕಲ್ಲು ಹಾಸಿಸಿದರು, ಮೇವಿನ ಕಣಿಕೆ ಕತ್ತರಿಸುವ ಯಂತ್ರ ಕೊಟ್ಟರು, ಡೇರಿಗೆ ಹಾಲು ತಣ್ಣಗಿಡುವ ಟಾಕಿ ಕೊಟ್ಟರು. ಆ ನೆರವಿನಿಂದ ಏನಾಯಿತು ಎಂದು ನೋಡಲು ಮಹಾನವಮಿಯ ಸುಮಾರಿಗೆ ಮೌಲ್ಯಮಾಪನದವರು ಬರುತ್ತಾರಂತೆ. ಪಾಸಾದರೆ ಒಕ್ಕೂಟದ ಗಾಡಿ ದಿನವೂ ಊರಿಗೆ ಬರುತ್ತದೆ, ದನದ ಡಾಕ್ಟರು ಬರುತ್ತಾರೆ, ನಾವು ಪೂರ್ತಿ ಸದಸ್ಯರು. ನಪಾಸಾದರೆ ಟಾಕಿ ಎತ್ತಿಕೊಂಡು ಹೋಗುತ್ತಾರೆ. ಮತ್ತೆ ಕ್ಯಾನು ಹಿಡಿದು ಹೋಟೆಲಿನವರ ಬಾಗಿಲಲ್ಲಿ ನಿಲ್ಲಬೇಕು.

ಎಲ್ಲ ಸರಿಯಾಗಿದೆ. ಒಂದೇ ಒಂದು ಕಡೆ ಕುಂಟುತ್ತಿದೆ. ನೆರವು ಕೊಟ್ಟದ್ದೇ ಜನ ಗುಳೆ ಹೋಗುವುದು ನಿಲ್ಲಲಿ ಎಂದು. ಗುಳೆ ಹೋದವರು ಯಾರು ಮರಳಿ ಬಂದಿದ್ದಾರೆ ಎಂದು ಮನೆ ಮನೆಗೆ ಬಂದು ಕೇಳುತ್ತಾರೆ. ನಮ್ಮ ಊರಿನಲ್ಲಿ ಮರಳಿದವರು ಹೆಂಗಸರು. ಗಂಡಸರೆಲ್ಲ ನೀವಿದ್ದ ಹಾಗೆಯೇ ಗೋವೆಯಲ್ಲಿ, ಪುಣೆಯಲ್ಲಿ ಇದ್ದಾರೆ. ನಿನ್ನೆಯ ಸಭೆಯಲ್ಲಿ ಅಧ್ಯಕ್ಷೆ ಗೌರಿಬಾಯಿ, "ಆ ವಾರ ನಿಮ್ಮ ನಿಮ್ಮ ಗಂಡಸರನ್ನ ಕರಸ್ರವಾ. ಬಂದು ಕಟ್ಟಿ ಮ್ಯಾಲ ಕೂತ್ರ ಸಾಕು, ಉಳದದ್ದು ನಾ ಮಾತಾಡ್ತೀನಿ" ಎಂದಳು. ಎಲ್ಲರೂ ಕೈ ಎತ್ತಿದರು. ಸಂಘದ ಕಾರ್ಯದರ್ಶಿ ನಾನೇ, ನಾನು ಕೈ ಎತ್ತದಿದ್ದರೆ ಹೇಗೆ?

ಬರುತ್ತೀರಲ್ಲ?

ದಾರಿ ನೋಡುವ
ಭಾಗವ್ವ


ವಾಸ್ಕೋ
21 ಜುಲೈ 2024

ಭಾಗವ್ವನಿಗೆ,

ನೀನು ಬರೆದದ್ದು ಪತ್ರವಲ್ಲ, ಸಂಘದ ಠರಾವು. ಗಂಡ ಹೇಗಿದ್ದಾನೆ, ಏನು ಉಣ್ಣುತ್ತಾನೆ ಎಂಬ ಒಂದು ಸಾಲು ಇಲ್ಲ. ಎಮ್ಮೆ, ಕಲ್ಲು, ಟಾಕಿ. ನಾನೇನು ಸಂತೆಗೆ ತಂದ ಹೋರಿಯೇ, ಹಲ್ಲು ಹಿಡಿದು ನೋಡಿ ಪಾಸು ಮಾಡುವುದಕ್ಕೆ?

ಬಾರ್ಜುಗಳು ಇನ್ನೂ ದಡದ ಮೇಲೆಯೇ ಇವೆ. ಮಧ್ಯೆ ಬಿಟ್ಟು ಬಂದರೆ ನನ್ನ ಸುತ್ತಿಗೆ ಇನ್ನೊಬ್ಬನ ಕೈಗೆ ಹೋಗುತ್ತದೆ.

ಇನ್ನೊಂದು ಸುದ್ದಿ. ಭೀಮಶಿ ಹೋದ. ವೆರ್ಣಾದ ಔಷಧಿ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಖೋಲಿ ಮಾಡಿದ್ದಾನೆ. ಹೋಗುವಾಗ ಕಾಲಿಗೆ ಬಿದ್ದು, "ಮಾಮಾ, ನೀವೂ ಊರಿಗೆ ಹೋಗ್ಬಿಡ್ರಿ, ಒಬ್ಬರ ಏನ್ ಮಾಡ್ತೀರಿ ಇಲ್ಲಿ" ಎಂದ. ಲೇ, ನೀನು ಮೊದಲು ಹೋಗು ಎಂದು ಬೈದು ಕಳಿಸಿದೆ. ಅವನು ಹೋದ ಮೇಲೆ ಗೊತ್ತಾಯಿತು, ಬೆಳಿಗ್ಗೆ ಪಾವ್ ತರುವ ಪೊದೇರನ ಸೈಕಲ್ಲಿನ ಪೋಂ ಪೋಂ ನನಗೆ ಕೇಳಿಸುವುದೇ ಇಲ್ಲ. ಇಷ್ಟು ದಿನ ಅದನ್ನು ಕೇಳಿ ಎದ್ದು ಹೋಗುತ್ತಿದ್ದವನು ಭೀಮಶಿ. ಈಗ ನಾನು ಬಾಗಿಲು ತೆರೆಯುವ ಹೊತ್ತಿಗೆ ಪೊದೇರ ಇಳಿಜಾರು ದಾಟಿ ಹೋಗಿರುತ್ತಾನೆ. ನಾಲ್ಕು ದಿನ ಪಾವ್ ಇಲ್ಲದೆ ಬರೀ ಚಹಾ ಕುಡಿದೆ. ಆಮೇಲೆ ಬಾಗಿಲಿಗೆ ಒಂದು ಕೈಚೀಲ ನೇತುಹಾಕಿದೆ, ಅವನೇ ಹಾಕಿ ಹೋಗುತ್ತಾನೆ. ಹೀಗೆ ಈಗ ದಿನಕ್ಕೆ ಒಂದು ಮನುಷ್ಯನ ಮುಖ ಕಡಿಮೆಯಾಯಿತು.

ಬರುವ ಮಾತು ಆಮೇಲೆ ನೋಡೋಣ.

ಪರಮಣ್ಣ


ಕರೇಕಟ್ಟಿ
11 ಆಗಸ್ಟ್ 2024

ಮೀನಾನ ಅಪ್ಪಾರಿಗೆ,

ಸಾಲಿಯಲ್ಲಿ ಕಲಿತದ್ದು ಪುಸ್ತಕದ ಮಾತು, ಅದಕ್ಕೆ ಕಾಗದದ ಮೇಲೆ ಅದೇ ಬರುತ್ತದೆ. ಸಿಟ್ಟು ಬಂದರೆ ಮಾತ್ರ ನಮ್ಮ ಮಾತೇ ಬರುತ್ತದೆ. ಇವತ್ತು ಅದೇ ಬರಾಕತ್ತೈತಿ, ತಗೋರಿ.

ಆಮ್ಯಾಲೆ ನೋಡೋಣು, ಆಮ್ಯಾಲೆ ನೋಡೋಣು. ನಾ ಇಲ್ಲಿಗೆ ಬರೋ ಮುಂದ ಬಸ್ ಸ್ಟ್ಯಾಂಡಿನ್ಯಾಗ ಏನಂದಿದ್ರಿ? "ನೀ ಮುಂದ ನಡಿ, ಒಂದು ವರ್ಷದಾಗ ನಾ ಬರ್ತೀನಿ" ಅಂದಿದ್ರಿ. ಅದನ್ನ ನಂಬಿ ಗಂಟು ಕಟ್ಟಿದ್ನಿ. ಎಮ್ಮಿ ಕಟ್ಟಿದ್ನಿ. ನೀವು ಪಾವ್ ಇಲ್ಲ ಅಂತ ಬರೀತೀರಿ. ನನಗ ರೊಟ್ಟಿ ಐತಿ, ಹಾಲು ಐತಿ, ಮೊಸರು ಐತಿ, ಕುಂತು ಉಣ್ಣಾಕ ಎದುರಿಗೆ ಯಾರೂ ಇಲ್ಲ. ಒಬ್ಬಾಕಿಗೆ ಎಷ್ಟಂತ ರೊಟ್ಟಿ ಬಡೀಲಿ? ಹಸದಾಗ ನಿಂತs ತಿಂತೀನಿ, ದನಾ ತಿಂದಂಗ.

ಬರೂದಿದ್ರ ಬರ್ರಿ, ಬಿಡೂದಿದ್ರ ಬಿಡ್ರಿ. ಗೌರಿಬಾಯಿಗೆ ನಾನs ಏನರ ಹೇಳ್ಕೋತೀನಿ.

ಭಾಗವ್ವ


ವಾಸ್ಕೋ
8 ಸೆಪ್ಟೆಂಬರ್ 2024

ಭಾಗವ್ವನಿಗೆ,

ನಿನ್ನ ಬೈಗುಳ ಎರಡೆರಡು ಸಲ ಓದಿದೆ. ಪುಸ್ತಕದ ಮಾತಿಗಿಂತ ಅದೇ ಚಲೋ ಇತ್ತು, ನೀನೇ ಬಂದು ಕುಳಿತ ಹಾಗಾಯಿತು.

ನಿನ್ನೆ ಗಣೇಶ ಚವತಿ. ಗೋವೆಯವರೆಲ್ಲ ತಮ್ಮ ತಮ್ಮ ಮೂಲ ಮನೆಗೆ ಹೋಗಿದ್ದಾರೆ, ಮಾಂಗೋರ್ ಹಿಲ್ ಅರ್ಧ ಖಾಲಿ. ಪಟಾಕಿ ಹಾರುವುದು ಕಾಣುತ್ತದೆ, ಕೇಳಿಸುವುದಿಲ್ಲ. ನಮ್ಮ ಕೆಲಸದ ಮುಕಾದಮ ರಸೂಲಸಾಬ ಮನೆಗೆ ಕರೆದು ಶಿರಾ ಕೊಟ್ಟ. ಅವನಿಗೆ ರಜೆ ಕೇಳಿದೆ. "ಹೋಗಪಾ, ಹೆಣ್ತಿ ಕರದಾಗ ಹೋಗಾವ ಗಂಡ್ಸು" ಎಂದ. ಅಕ್ಟೋಬರಿಗೆ ನಮ್ಮ ಬಾರ್ಜು ನೀರಿಗೆ ಇಳಿಯುತ್ತದೆ, ಕೆಲಸವೂ ಸಡಿಲ. ನವಮಿಯ ಮೊದಲು ಬಂದು ನಿಲ್ಲುತ್ತೇನೆ.

ಪರೀಕ್ಷೆಗೆ ನನ್ನನ್ನು ತಯಾರು ಮಾಡು. ನಿನ್ನ ಮನೆಯ ಯಾವ ಗೂಟಕ್ಕೆ ಏನು ಇದೆ ಎಂದು ನನಗೆ ಗೊತ್ತಿಲ್ಲ. ನಿನ್ನ ತವರೂರಿನಲ್ಲಿ ನಾನು ಒಂದು ವಾರಕ್ಕಿಂತ ಹೆಚ್ಚು ಇದ್ದದ್ದು ನಮ್ಮ ಮದುವೆಯಲ್ಲಿ ಮಾತ್ರ.

ಪರೀಕ್ಷೆಗೆ ಕೂತ ಹುಡುಗನಂತಾದ
ಪರಮಣ್ಣ


ಕರೇಕಟ್ಟಿ
22 ಸೆಪ್ಟೆಂಬರ್ 2024

ಮೀನಾನ ಅಪ್ಪಾರಿಗೆ ನಮಸ್ಕಾರ, ಇವತ್ತು ನಿಜವಾದ ನಮಸ್ಕಾರ.

ಸರಿಯಾಗಿ ಓದಿಕೊಳ್ಳಿರಿ. ಕುಡಿಯುವ ನೀರಿನ ಕೊಡ ಪಡಸಾಲೆಯ ಎಡಕ್ಕೆ. ಕುಡುಗೋಲು ದನದ ಮನೆಯ ಮಾಡಿನಲ್ಲಿ ಸಿಗಿಸಿದೆ. ಕಣಿಕೆಯ ಯಂತ್ರದ ಗುಂಡಿ ಮೇಲಕ್ಕೆ ಒತ್ತಿದರೆ ಚಾಲೂ. ಯಾವಾಗ ಬಂದಿರಿ ಎಂದರೆ "ಉಗಾದಿಗೆ ಬಂದೀನ್ರಿ" ಅನ್ನಿರಿ. ಮತ್ತೆ ಹೋಗುತ್ತೀರಾ ಎಂದರೆ "ಇಲ್ರಿ, ಇನ್ನ ಇಲ್ಲೇ" ಅನ್ನಿರಿ. ಬರೆಯುವಾಗಲೇ ನನ್ನ ಕೈ ಒಂದು ಸಲ ನಿಂತಿತು ನೋಡಿರಿ.

ಎಮ್ಮೆಯ ಹೆಸರು ಚಂದ್ರಿ. ಹಣೆಯ ಮೇಲೆ ಬಿಳಿ ಚುಕ್ಕೆ ಇದೆ. ಭಾಳ ಮಾನವಂತೆ, ನನ್ನ ಬಿಟ್ಟು ಯಾರಿಗೂ ಹಾಲು ಇಳಿಸುವುದಿಲ್ಲ. ಹೋದ ಚಳಿಗಾಲ ನನಗೆ ಜ್ವರ ಬಂದಾಗ ಗೌರಿಬಾಯಿ ಹಿಂಡಲು ಬಂದಳು, ಒದ್ದು ಕೆಡವಿತು. ಕೊನೆಗೆ ನಾನು ದಿನಾ ಉಟ್ಟು ಹಿಂಡುವ ಹಸಿರು ಸೀರೆಯನ್ನು ಗೌರಿಬಾಯಿ ಮೈತುಂಬ ಹೊದ್ದು ಕುಳಿತಳು. ಮೂಸಿ ನೋಡಿತು, ನಾನೇ ಎಂದುಕೊಂಡು ಹಾಲು ಬಿಟ್ಟಿತು. ಅಷ್ಟು ಶಾಣೆ, ಅಷ್ಟೇ ಹುಚ್ಚಿ. ನೀವು ಹತ್ತಿರ ಹೋಗಬೇಡಿರಿ. ಹಾಲು ಹಿಂಡುವುದು ನನ್ನ ಕೆಲಸ.

ಮನೆಯೆಲ್ಲ ಸಾರಿಸಿದ್ದೇನೆ. ಹಾಸಿಗೆ, ಹೊದಿಕೆ, ಸೀರೆ ಒಂದನ್ನೂ ಬಿಡದೆ ಸೋಡಾ ಹಾಕಿ ಒಗೆಯಬೇಕೆಂದಿದ್ದೇನೆ. ಇದೆಲ್ಲ ಮೌಲ್ಯಮಾಪನದವರಿಗಾಗಿ ಎಂದು ಗೌರಿಬಾಯಿ ಅಂದುಕೊಂಡಿದ್ದಾಳೆ. ಅವರಿಗಾಗಿ ಒಗೆಯುತ್ತಿಲ್ಲ ನಾನು.

ಬೇಗ ಬರ್ರಿ.
ಭಾಗವ್ವ


ವಾಸ್ಕೋ
20 ಅಕ್ಟೋಬರ್ 2024

ಭಾಗವ್ವನಿಗೆ,

ಸುಖವಾಗಿ ಬಂದು ಮುಟ್ಟಿದೆ ಎಂದು ಬರೆಯುವುದು ರೂಢಿ. ಮುಟ್ಟಿದೆ.

ಪರೀಕ್ಷೆಯ ದಿನ ನೀನು ಬರುವ ಮೊದಲು ಅಂಗಳದಲ್ಲಿ ಏನಾಯಿತು ಎಂದು ನಿನಗೆ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ. ಗೌರಿಬಾಯಿ ತನ್ನ ಮನಸ್ಸಿಗೆ ಬಂದಂತೆ ಹೇಳಿರುತ್ತಾಳೆ. ನನ್ನ ಬಾಯಿಂದಲೇ ಕೇಳು.

ನೀನು ಡೇರಿಯಲ್ಲಿ ಟಾಕಿ ತೋರಿಸುತ್ತಿದ್ದೆ. ಮೌಲ್ಯಮಾಪನಕ್ಕೆ ಬಂದ ಆ ಧಾರವಾಡದ ದೀಪಾ ಮೇಡಂ ಒಬ್ಬರೇ ನಮ್ಮ ಮನೆಗೆ ಬಂದರು. ನಾನು ಹೊಸ ಧೋತರ ಉಟ್ಟು ಕಟ್ಟೆಯ ಮೇಲೆ ಕುಳಿತಿದ್ದೆ, ಗೌರಿಬಾಯಿ ಕೂರಿಸಿದ ಹಾಗೆ. ಆಕೆ ಮುಖ ನೋಡಿ ಗಟ್ಟಿಯಾಗಿ ಮಾತಾಡುವ ಹೆಣ್ಣುಮಗಳು, ತುಟಿಯಿಂದ ತಿಳಿಯಿತು. "ಯಾವಾಗ ಬಂದ್ರಿ?" ಎಂದರು. "ಉಗಾದಿಗೆ ಬಂದೀನ್ರಿ." "ಮತ್ತ ಹೋಗ್ತೀರೇನು?" "ಇಲ್ರಿ, ಇನ್ನ ಇಲ್ಲೇ." ಬಾಯಿಪಾಠ ತಪ್ಪಲಿಲ್ಲ. ಆದರೆ ಆ ಎರಡನೇ ಮಾತು ಬಾಯಿಂದ ಬಿದ್ದಾಗ, ಭಾಗವ್ವಾ, ಅದು ಸುಳ್ಳು ಎಂದು ನನಗೆ ಅನಿಸಲೇ ಇಲ್ಲ. ಹೇಳಿ ಒಂದು ಕ್ಷಣ ಹಾಯಾಗಿತ್ತು.

ಆಮೇಲೆ ಆಕೆ, ಹಾಲು ಹಿಂಡುವುದನ್ನು ನೋಡಬೇಕು, ಪಾತ್ರೆ ಕೈ ಎಲ್ಲ ಸ್ವಚ್ಛ ಇಡುತ್ತೀರೋ ಇಲ್ಲವೋ ನೋಡುವುದು ನಮ್ಮ ನಿಯಮ ಎಂದರು. ಹೆಂಡತಿ ಬರಲಿ ಅನ್ನಬಹುದಿತ್ತು. ಉಗಾದಿಯಿಂದ ಮನೆಯಲ್ಲಿರುವ ಗಂಡಸಿಗೆ ತನ್ನ ಎಮ್ಮೆ ಹಿಂಡಲು ಬರುವುದಿಲ್ಲವೇ ಎಂದು ಕೇಳಿಯಾರು ಎಂಬ ಹೆದರಿಕೆ. ಹೋಗಲಿ, ನಿನ್ನ ಪತ್ರ ನೆನಪಿತ್ತಲ್ಲ. ಹಗ್ಗದ ಮೇಲೆ ನಿನ್ನ ಹಸಿರು ಸೀರೆ ಇತ್ತು. ತೆಗೆದು ತಲೆಯಿಂದ ಸೊಂಟದ ತನಕ ಹೊದ್ದುಕೊಂಡೆ. ಮೇಡಂ ಬೆರಗಾಗಿ ನಿಂತರು. ಚರಿಗೆ ಹಿಡಿದು ಕುಳಿತೆ. ಚಂದ್ರಿ ಕುತ್ತಿಗೆ ತಿರುಗಿಸಿ ಸೀರೆ ಮೂಸಿತು. ಮತ್ತೆ ಮೂಸಿತು. ಆಮೇಲೆ ನನ್ನ ಮುಖ ಮೂಸಿತು. ಆಮೇಲೆ ಒದ್ದಿತು ನೋಡು, ಚರಿಗೆ ಉರುಳಿ ಉರುಳಿ ಮೇಡಮ್ಮನ ಚಪ್ಪಲಿಗೆ ಹೋಗಿ ನಿಂತಿತು.

ಸೀರೆಯನ್ನು ನೀನು ಸೋಡಾ ಹಾಕಿ ಒಗೆದುಬಿಟ್ಟಿದ್ದೆ. ಅದರಲ್ಲಿ ನೀನು ಇರಲೇ ಇಲ್ಲ. ಎದ್ದು ನಿಂತ ಮೇಲೆ ನಾನೂ ಮೂಸಿ ನೋಡಿದೆ, ಬರೀ ಸಾಬೂನು.

ಮೇಡಂ ಮೊದಲು ನಕ್ಕರು. ನಗು ನಿಂತ ಮೇಲೆ, "ಎಮ್ಮಿಗೆ ನಿಮ್ಮ ಗುರ್ತs ಇಲ್ಲಲ್ರಿ ಯಜಮಾನ್ರ" ಎಂದರು. ಹಾಳಾದ್ದು, ಎಷ್ಟೋ ಮಾತು ಕೇಳಿಸದ ಈ ಕಿವಿಗೆ ಅದೊಂದು ಮಾತು ಪೂರ್ತಿ ಕೇಳಿಸಿತು.

ಅಷ್ಟರಲ್ಲಿ ನೀನು ಓಡಿ ಬಂದೆ, ಹಿಂದೆ ಗೌರಿಬಾಯಿ ಬಂದಳು. ಮೇಡಂ ನಿನಗೆ ಕೊನೆಯದಾಗಿ ಏನೋ ಕೇಳಿದರು. ನೀನು ನನ್ನನ್ನು ನೋಡಿದೆ. ಸೆರಗು ಬಾಯಿಗೆ ಇಟ್ಟುಕೊಂಡು ಏನೋ ಹೇಳಿದೆ. ಗೌರಿಬಾಯಿ ಹಣೆ ಬಡಿದುಕೊಂಡಳು. ಮೇಡಂ ಬರೆಯುವುದನ್ನು ನಿಲ್ಲಿಸಿದರು. ಏನಂದೆ ಎಂದು ನಾನು ಅವತ್ತೂ ಕೇಳಿದೆ, ಬಸ್ ಹತ್ತುವಾಗಲೂ ಕೇಳಿದೆ. "ಏನಿಲ್ರಿ, ಹೋಗಿಬರ್ರಿ" ಎಂದು ನೀನು ಕೈ ಆಡಿಸಿದೆ. ಸಂಘಕ್ಕೆ ನನ್ನಿಂದ ಕೇಡಾಯಿತೇ? ಏನಂದೆ ಭಾಗವ್ವಾ? ಫೋನಿನ ಮಾತನ್ನೂ ಹೇಳಲಿಲ್ಲ, ಇದನ್ನೂ ಹೇಳಲಿಲ್ಲ.

ಎಮ್ಮೆಗೂ ಗುರುತು ಸಿಗದ
ಪರಮಣ್ಣ


ಕರೇಕಟ್ಟಿ
17 ನವೆಂಬರ್ 2024

ಮೀನಾನ ಅಪ್ಪಾರಿಗೆ,

ಒಕ್ಕೂಟದ ಉತ್ತರ ಬರಲಿ ಎಂದು ಕಾದೆ, ಅದಕ್ಕೆ ತಡವಾಯಿತು.

ಆ ಮೇಡಂ ಪ್ರತಿ ಮನೆಯಲ್ಲೂ ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಈ ನೆರವು ಬರದs ಇದ್ದಿದ್ರ ನೀವು ಏನ್ ಮಾಡ್ತಿದ್ರಿ?" ಇದಕ್ಕೆ ಉತ್ತರ ಸಭೆಯಲ್ಲೇ ಠರಾವಾಗಿತ್ತು. ಗುಳೆ ಹೋಗಿ ಕಲ್ಲು ಹೊರುತ್ತಿದ್ದೆವು, ಈ ನೆರವು ನಮ್ಮನ್ನು ಉಳಿಸಿತು. ಬರೆದವಳೂ ನಾನೇ, ಎಲ್ಲರಿಗೂ ಬಾಯಿಪಾಠ ಮಾಡಿಸಿದವಳೂ ನಾನೇ. ನನ್ನ ಪಾಳಿ ಬಂತು. ಬಾಯಿ ತೆರೆದೆ. ನೀವು ಎದುರಿಗೆ ನಿಂತಿದ್ದಿರಿ, ಕೈಯಲ್ಲಿ ಖಾಲಿ ಚರಿಗೆ, ಹೆಗಲ ಮೇಲೆ ನನ್ನ ಸೀರೆ, ತಪ್ಪು ಮಾಡಿದ ಹುಡುಗನ ಮುಖ. ಬಾಯಿಪಾಠ ಎಲ್ಲಿ ಹೋಯಿತೋ.

"ಏನ್ ಮಾಡ್ತಿದ್ನಿರಿ, ವಾಸ್ಕೋದಾಗ ಇವರ ಜೋಡಿ ಇರತಿದ್ನಿ" ಅಂದುಬಿಟ್ಟೆ.

ಅದೇ ನಾನು ಅಂದದ್ದು. ಖರೇ ಅದೇ. ಮಾಂಗೋರ್ ಹಿಲ್ಲಿನ ಆ ಸೋರುವ ಖೋಲಿಯಲ್ಲಿ ಇಬ್ಬರೂ ಇದ್ದೆವು. ನಾನು ಇಟ್ಟಿಗೆ ಹೊತ್ತು ಬರುತ್ತಿದ್ದೆ, ನೀವು ತುಕ್ಕು ಕೆಡವಿ ಬರುತ್ತಿದ್ದಿರಿ. ಗುಳೆ ನಿಲ್ಲಿಸುವ ನೆರವು ಬಂತು, ಅರ್ಧ ಮನೆಯನ್ನು ಊರಿಗೆ ತಂದಿತು, ಅರ್ಧ ಮನೆಯನ್ನು ಅಲ್ಲೇ ಬಿಟ್ಟಿತು.

ಮೇಡಂ ಪೆನ್ನು ಇಳಿಸಿ, "ಹಂಗಾರ ಈ ನೆರವು ಬ್ಯಾಡಾಗಿತ್ತೇನವಾ?" ಎಂದರು. "ಬೇಕಾಗಿತ್ರಿ. ಎಮ್ಮಿನೂ ಬೇಕ್ರಿ, ಇವರೂ ಬೇಕ್ರಿ. ನಿಮ್ಮ ಕಾಗದದಾಗ ಎರಡಕ್ಕೂ ಜಾಗ ಇಲ್ಲೇನ್ರಿ?" ಎಂದೆ.

ಈಗ ಉತ್ತರ ಬಂದಿದೆ. ಹಾಲು ಚಲೋ, ಸ್ವಚ್ಛತೆ ಚಲೋ, ಲೆಕ್ಕಪತ್ರ ಚಲೋ. ಗಂಡಸರು ಮರಳಿ ಬಂದದ್ದು ಮಾತ್ರ ನಂಬುವಂತಿಲ್ಲ, ಇನ್ನೊಂದು ವರ್ಷ ನೋಡಿ ಸೇರಿಸಿಕೊಳ್ಳುತ್ತೇವೆ ಎಂದಿದ್ದಾರೆ. ಟಾಕಿ ಅಲ್ಲಿಯವರೆಗೆ ಇರುತ್ತದೆ. ಪಾಸೂ ಅಲ್ಲ, ನಪಾಸೂ ಅಲ್ಲ.

ಹೆಂಗಸರು ನನ್ನ ಜೊತೆ ಮಾತು ಬಿಟ್ಟರು. ಡೇರಿಯಲ್ಲಿ ನಾನು ಹಾಲಿನ ಲೆಕ್ಕ ಬರೆಯುವಾಗ ಕ್ಯಾನು ಇಟ್ಟು ಮುಖ ಆ ಕಡೆ ಮಾಡುತ್ತಾರೆ. ಡೇರಿಗೆ ಬರುವಾಗ ಒಳಗಿನ ನಗು ಕೇಳಿಸುತ್ತದೆ, ನಾನು ಬಾಗಿಲಿಗೆ ಬಂದರೆ ನಿಲ್ಲುತ್ತದೆ. ನಿಮಗೆ ಕೇಳಿಸುವುದಿಲ್ಲ, ನನಗೆ ಕೇಳಿಸುತ್ತದೆ, ಎರಡೂ ಒಂದೇ. ಮೊನ್ನೆ ಗೌರಿಬಾಯಿ ಮನೆಗೆ ಬಂದಳು. ಜಗಳಕ್ಕೇ ಬಂದವಳು ಚಹಾ ಕುಡಿದು, "ನಿನ್ನ ಬಾಯಿಗೆ ಬೆಂಕಿ ಹಚ್ಚಲಿ. ಆದ್ರ ಏನವಾ, ನನ್ನ ಗಂಡ ಬಂದಾಗ ನಮ್ಮ ನಾಯಿ ಮೂರು ದಿನಾ ಬೊಗಳೇ ಬೊಗಳ್ತು, ಆ ಮೇಡಂ ಅದನ್ನೂ ನೋಡ್ಯಾಳ" ಎಂದಳು. ಇಬ್ಬರೂ ನಕ್ಕೆವು. ಆಮೇಲೆ ಆಕೆ ಅತ್ತಳು.

ನಿಮ್ಮಿಂದ ಕೇಡಾಗಲಿಲ್ಲ. ಒಂದು ಕೆಲಸ ಮಾಡಿರಿ. ನೀವು ದಿನಾ ಕೆಲಸಕ್ಕೆ ಹಾಕುವ ಅಂಗಿ ಒಂದನ್ನು ಕಳಿಸಿರಿ. ಒಗೆಯಬೇಡಿರಿ. ನೆನಪಿರಲಿ, ಒಗೀಬ್ಯಾಡ್ರಿ.

ಭಾಗವ್ವ


ವಾಸ್ಕೋ
8 ಡಿಸೆಂಬರ್ 2024

ಭಾಗವ್ವನಿಗೆ,

ಭೀಮಶಿ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಅಂಗಿ ಕಳಿಸಿದ್ದೇನೆ. ನೀಲಿ ಚೌಕಡಿಯದು, ಎಡಗೈ ಹರಿದದ್ದು. ತುಕ್ಕು, ಬೆವರು, ಬಂದರಿನ ಕಲ್ಲಿದ್ದಲ ಧೂಳು ಎಲ್ಲ ಅದರಲ್ಲಿದೆ. ಪೊಟ್ಟಣ ಕಟ್ಟುವಾಗ ಭೀಮಶಿ ಮೂಗು ಮುಚ್ಚಿಕೊಂಡು, "ಇದನ್ಯಾಕ ಮಾಮಾ, ಅಕ್ಕಗ ಒಂದು ಹೊಸಾ ಸೀರಿ ಕಳಸ್ರಿ" ಎಂದ. ನಿನಗೆ ತಿಳಿಯುವುದಿಲ್ಲ, ಮದುವೆಯಾಗು ಆಮೇಲೆ ಮಾತಾಡು ಎಂದೆ. ಯಾಕೆ ಎಂದು ನನಗೂ ತಿಳಿದಿಲ್ಲ. ನೀನು ಕೇಳಿದೆ, ನಾನು ಕಳಿಸಿದೆ.

ನೀನು ಅಂದ ಮಾತನ್ನು ಓದಿದ ದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಬಾಗಿಲು ಹಾಕಿಕೊಂಡು ಕುಳಿತೆ. ಬಾರ್ಜಿನಲ್ಲಿ ಎಷ್ಟು ಬಡಿದರೂ ಬೀಳದ ತುಕ್ಕಿನ ಪದರು ಒಂದಿರುತ್ತದೆ. ಅಂಥದ್ದೇನೋ ಎದೆಯಿಂದ ಬಿತ್ತು. ನೀನು ನಿಜ ಹೇಳಿದೆ, ನಾನೂ ಹೇಳುತ್ತೇನೆ.

ನಾನು ಬರದೆ ಇದ್ದದ್ದು ಬಾರ್ಜಿಗಾಗಿ ಅಲ್ಲ. ಮನೆಅಳಿಯ ಅನ್ನುತ್ತಾರೆ ಎಂಬ ಭಯ ಒಂದಿತ್ತು, ಅದು ಸಣ್ಣದು. ದೊಡ್ಡದು ಬೇರೆ. ಇಲ್ಲಿ ಎಲ್ಲರೂ ಕೂಗುವವರೇ. ಬಂದರಿನಲ್ಲಿ, ಬಾರ್ಜಿನಲ್ಲಿ, ಮೀನಿನ ಮಾರ್ಕೆಟ್ಟಿನಲ್ಲಿ ಯಾರಿಗೂ ಯಾರದೂ ಕೇಳಿಸುವುದಿಲ್ಲ, ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಾರೆ. ಈ ಗದ್ದಲದಲ್ಲಿ ನಾನು ಕಿವುಡನಲ್ಲ. ಕರೇಕಟ್ಟಿಯಲ್ಲಿ ಎಷ್ಟು ಶಾಂತ ಇತ್ತು ಎಂದರೆ, ಎಲ್ಲರೂ ಮೆಲ್ಲಗೆ ತುಟಿ ಆಡಿಸುತ್ತಿದ್ದರು, ನಾನು ನಡುವೆ ಕಂಬದ ಹಾಗೆ ನಿಂತಿದ್ದೆ. ಅಲ್ಲಿಗೆ ಬಂದರೆ ನಾನು ಕಿವುಡ ಪರಮಣ್ಣ. ನಿನ್ನ ಹಿಂದೆ ಹಿಂದೆ ತಿರುಗುವ ಮುದುಕ. ಏನು ಕೆಲಸಕ್ಕೆ ಬಂದೇನು ನಾನು? ಎಮ್ಮೆ ಸಹ ಮುಟ್ಟಗೊಡುವುದಿಲ್ಲ.

ಇಲ್ಲಿಯೂ ಯಾರಿದ್ದಾರೆ ಎಂದು ಕೇಳಬೇಡ. ಬಾಗಿಲಿನ ಕೈಚೀಲದಲ್ಲಿ ಪಾವ್ ಇರುತ್ತದೆ, ಅಷ್ಟೇ.

ಇಷ್ಟು ದಿನ ಮುಚ್ಚಿಟ್ಟ
ಪರಮಣ್ಣ


ಕರೇಕಟ್ಟಿ
12 ಜನವರಿ 2025

ಮೀನಾನ ಅಪ್ಪಾರಿಗೆ,

ಇದು ಸಿಟ್ಟಿನ ಪತ್ರ ಅಲ್ಲ, ಆದ್ರೂ ನಮ್ಮ ಮಾತs ಬರಾಕತ್ತೈತಿ, ಬರಲಿ.

ಅಂಗಿ ಮುಟ್ಟಿತು. ಮೊದಲನೇ ದಿನಾ ನಾ ಹಸರು ಸೀರಿ ಮ್ಯಾಲ ನಿಮ್ಮ ಅಂಗಿ ಹಾಕ್ಕೊಂಡು ದನದ ಮನಿಗೆ ಹೋದ್ನಿ. ಚಂದ್ರಿ ನನ್ನ ನೋಡಿ ಕಿವಿ ಎತ್ತಿತು, ಅಂಗಿ ಮೂಸಿ ಹಿಂದ ಸರೀತು. ನಾ "ನಾನs ಅದೀನಿ ಬಾರವ್ವ" ಅಂತ ದನಿ ಕೊಟ್ನಿ. ನಿಂತು ಹಾಲು ಬಿಟ್ಟಿತು, ಅರ್ಧಾ. ದಿನಾ ಹಂಗs ಹಾಕ್ಕೊಂಡು ಹೋದ್ನಿ. ಗೌರಿಬಾಯಿ ನೋಡಿ, "ಹುಚ್ಚು ಹಿಡೀತೇನ ನಿನಗ, ಗಂಡನ ಅಂಗಿ ತೊಟ್ಟು ಅಡ್ಡಾಡ್ತಿ" ಅಂದ್ಲು. ಹ್ಞೂ ಹಿಡದೈತಿ ಅಂದ್ನಿ. ನಿನ್ನೆ ನಾ ಬಾಯಿ ತೆರೀಲಿಲ್ಲ, ಮುಖಕ್ಕ ಸೆರಗು ಮುಚ್ಚಿ ಅಂಗಿ ಒಂದs ಮುಂದ ಮಾಡಿ ಕುಂತ್ನಿ. ಮೂಸಿತು, ಮೂತಿ ಅಂಗಿ ಮ್ಯಾಲ ಇಟ್ಟಿತು, ಚರಗಿ ತುಂಬಿಸ್ತು. ಇನ್ನ ನಿಮ್ಮ ಗುರ್ತು ಅದಕ್ಕೈತಿ. ಮುಂದಿನ ವರ್ಷದ ಪರೀಕ್ಷಾಕ್ಕ ಅಂತ ತಿಳೀಬ್ಯಾಡ್ರಿ. ಆ ಮೇಡಂ ಬರಲಿ, ಬಿಡಲಿ.

ಕಿವಿ ಬಗ್ಗೆ ಬರದೀರಿ. ಎಮ್ಮಿ ಏನ್ ಮಾತಾಡ್ತೈತೇನ್ರಿ? ಕಣಿಕಿ ಯಂತ್ರ ಚಾಲೂ ಆದ್ರ ನನಗೂ ಏನೂ ಕೇಳ್ಸೂದಿಲ್ಲ. ನಾ ಕೂಗ್ತೀನಿ. ಊರೆಲ್ಲಾ ಕೇಳಿದ್ರೂ ಕೂಗ್ತೀನಿ, ನನಗ ನಾಚಿಕಿ ಇಲ್ಲ. ನೀವು ಕೇಳಿದ ಆ ಫೋನಿನ ಮಾತೂ ಕೂಗೇ ಹೇಳ್ತೀನಿ, ಗೌರಿಬಾಯಿ ಬೇಕಾದ್ರ ಕಿವಿ ಮುಚ್ಕೊಳ್ಳಲಿ.

ಒಂದ ಚಿಂತಿ ಐತಿ. ದಿನಾ ನನ್ನ ಮೈಮ್ಯಾಲ ಇದ್ದು, ದಿನಾ ದನದ ಮನ್ಯಾಗ ನೇತಾಡಿ, ಅಂಗಿಯೊಳಗಿನ ನಿಮ್ಮ ವಾಸನಿ ಕಡಿಮಿ ಆಗಾಕತ್ತೈತಿ. ಚಂದ್ರಿಗೆ ಇನ್ನೂ ಗೊತ್ತಾಗಿಲ್ಲ. ನನಗ ಗೊತ್ತಾಗೇತಿ.

ಇನ್ನೊಂದು ಅಂಗಿ ಕಳಸಬ್ಯಾಡ್ರಿ.

ನಿಮ್ಮ
ಭಾಗವ್ವ